ಅಪ್ಪನ ಅಂಗಾಲಿನ ಕಪ್ಪು ಚುಕ್ಕಿ

ಮಸ್ಕತ್
ಶುಕ್ರವಾರ ರಾತ್ರಿ

ಪ್ರೀತಿಯ ಅವ್ವಾ,

ನಾನು ಆರಾಮಾಗಿದ್ದೇನೆ. ನಿನ್ನೆ ವಿಡಿಯೋ ಕಾಲ್‌ನಲ್ಲಿ ಅಪ್ಪನ ಪಾದ ತೋರಿಸಿದೆಯಲ್ಲ, ಆಗಿನಿಂದ ನಿದ್ದೆ ಹತ್ತಿಲ್ಲ. ಇದನ್ನು ತಮ್ಮನ ಮೊಬೈಲಿಗೆ ಕಳಿಸುತ್ತಿದ್ದೇನೆ, ಎರಡು ಸಲ ಓದಿಸಿಕೋ.

ಹೆಬ್ಬೆರಳು ತೆಗೆದ ಗಾಯ ಚೆನ್ನಾಗಿ ಮಾಗಿದೆ. ನನಗೆ ಭಯವಾಗಿದ್ದು ಅದರ ಪಕ್ಕದ ಜಾಗ ನೋಡಿ. ಎರಡನೇ ಬೆರಳಿನ ಬುಡದಲ್ಲಿ, ಅಂಗಾಲಿಗೆ, ಹಳದಿ ಆಣಿ ಕಟ್ಟಿದೆ. ಅದರ ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕಿ. ಅದು ಕೊಳೆ ಅಲ್ಲ ಅವ್ವಾ, ಒಳಗೆ ರಕ್ತ ಕಟ್ಟಿದ ಹಾಗಿದೆ. ಇಲ್ಲಿ ನಮ್ಮ ವಾರ್ಡಿನಲ್ಲಿ ಇಂಥ ಆಣಿ ತೆಗೆದಾಗ ಎಷ್ಟೋ ಸಲ ಕೆಳಗೆ ಹುಣ್ಣೇ ಇರುತ್ತದೆ.

ನಡೆಯುವಾಗ ಬೆರಳುಗಳಲ್ಲಿ ಜಾಸ್ತಿ ಭಾರ ಹೊರುವುದು ಹೆಬ್ಬೆರಳು. ಅದು ಹೋದ ಮೇಲೆ ಪಕ್ಕದ ಬೆರಳು, ಅದರ ಬುಡದ ಎಲುಬು ಆ ಭಾರ ಹೊರಬೇಕು. ನಮಗಾದರೆ ನೋವಾಗುತ್ತದೆ, ಕುಂಟುತ್ತೇವೆ, ಕಾಲಿಗೆ ಬಿಡುವು ಸಿಗುತ್ತದೆ. ಶುಗರ್‌ನಿಂದ ಅಪ್ಪನ ಕಾಲಿನ ನರ ಸೋತಿವೆ, ಅದೇ ಜಾಗ ತುಳಿದು ತುಳಿದು ನಡೆಯುತ್ತಾರೆ. "ನೋವೇ ಇಲ್ಲವ್ವ" ಅಂತ ಅವರು ನಕ್ಕಾಗ ನನಗೆ ಅಳು ಬಂತು. ಹೋದ ಸಲವೂ ಹಾಗೇ ಅಲ್ವಾ? ಚಪ್ಪಲಿಯಲ್ಲಿ ಹರಳು ಸೇರಿದ್ದು ಗೊತ್ತಾಗದೆ ದಿನವಿಡೀ ಗದ್ದೆ ಬದುವಿನ ಮೇಲೆ ಓಡಾಡಿದರು. ಪರಸಿ ಮೇಲಿನ ಕೆಂಪು ಹೆಜ್ಜೆಯನ್ನು ಎಲೆಯಡಿಕೆ ಕಲೆ ಅಂದುಕೊಂಡು ನೀನು ಒರೆಸಿದ್ದೆ. ನಿನ್ನ ತಪ್ಪಲ್ಲ. ಕೀವು ಎಲುಬಿಗೆ ಇಳಿದ ಮೇಲೇ ನಮಗೆಲ್ಲ ತಿಳಿದದ್ದು.

ಇಂಥ ಹುಣ್ಣು ಮಾಗಿದ 100 ಜನರಲ್ಲಿ ಸುಮಾರು 40 ಜನರಿಗೆ ವರ್ಷದೊಳಗೆ ಮತ್ತೆ ಆಗುತ್ತದೆ. ಸೋಮವಾರದ ತನಕ ಕಾಯಬೇಡಿ, ನಾಳೆಯೇ ಡಾಕ್ಟರಿಗೆ ತೋರಿಸಿ. ಆಣಿ ಅವರೇ ತೆಗೆಯಲಿ. ಅಪ್ಪನ ಕೈಗೆ ಬ್ಲೇಡು ಸಿಗದ ಹಾಗೆ ಎತ್ತಿಡು. ಮೆಡಿಕಲ್ ಶಾಪಿನ ಆಣಿ ಪಟ್ಟಿಯೂ ಬೇಡ, ಅದರ ಔಷಧಿ ಚರ್ಮವನ್ನೇ ಸುಡುತ್ತದೆ. ಸ್ನಾನದ ನೀರಿನ ಬಿಸಿ ನೀನು ನೋಡು, ಅಪ್ಪ ಕಾಲಿಟ್ಟು ನೋಡುವುದು ಬೇಡ. ರಾತ್ರಿ ಎರಡೂ ಅಂಗಾಲು, ಬೆರಳ ಸಂದಿ ನೋಡು.

ಹಿಂದೆ ಪಟ್ಟಿ ಇರುವ ಎಂಸಿಆರ್ ಚಪ್ಪಲಿ, ಅಂದರೆ ಮೆತ್ತನೆ ರಬ್ಬರಿನದು, ಕೊಡಿಸಿ, ಮನೆಯೊಳಗೂ ಅದೇ ಇರಲಿ. ಕುಷ್ಠ ರೋಗದವರು ಹಾಕುವಂಥದ್ದು ಅಂತ ಅಪ್ಪ ಬೇಡ ಅನ್ನಬಹುದು. ಅವರ ಕಾಲಿಗೂ ನೋವು ತಿಳಿಯುವುದಿಲ್ಲ, ಅಪ್ಪನ ಕಾಲಿಗೂ ತಿಳಿಯುವುದಿಲ್ಲ. ಅದಕ್ಕೇ ಇಬ್ಬರಿಗೂ ಅದೇ ಚಪ್ಪಲಿ ಅಂತ ಹೇಳು.

ಬನದ ಹುಣ್ಣಿಮೆಗೆ ಸಿಂಧನೂರಿನಿಂದ ಅಂಬಾಮಠಕ್ಕೆ ಬರಿಗಾಲಲ್ಲಿ ಹೋಗುವ ಹರಕೆ ಇದೆ ಅಂದರಲ್ಲ. ಅಪ್ಪ ಬಸ್ಸಿನಲ್ಲಿ ಬರಲಿ. ಆಗ ನಾನು ರಜೆ ಹಾಕಿ ಬರುತ್ತೇನೆ, ಅವರ ಬದಲು ನಾನು ನಡೆಯುತ್ತೇನೆ.

ನಿನ್ನ ಮಗಳು