ಪುಡಿ ಮಾಡುವ ಅಡುಗೆಮನೆ ಇಂಡಿಯಾನಾಕ್ಕೆ ಹೋಗುತ್ತಿದೆ, ಅಂಗಡಿ ಇಲ್ಲೇ ಇರುತ್ತದೆ

ಅರೋರಾ, ಇಲಿನಾಯ್
2020 ಅಕ್ಟೋಬರ್ 12

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ನವರಾತ್ರಿಗೆ ಇನ್ನು ಐದೇ ದಿನ. ಗೊಂಬೆ ಇಳಿಸುವ ಗಡಿಬಿಡಿಯಲ್ಲಿ ನೀವಿದ್ದೀರಿ, ಆರ್ಡರ್ ಕಟ್ಟುವ ಗಡಿಬಿಡಿಯಲ್ಲಿ ನಾವಿದ್ದೇವೆ. ಆದರೂ ಈ ಪತ್ರ ಈಗಲೇ ಬರೆಯಬೇಕು ಅನ್ನಿಸಿತು. ಬೇರೆಯವರ ಬಾಯಿಂದ ಕೇಳುವ ಮೊದಲು ನಮ್ಮಿಂದಲೇ ನಿಮಗೆ ಗೊತ್ತಾಗಲಿ.

ಡಿಸೆಂಬರ್ 1ರಿಂದ ನಮ್ಮ ಸಾರಿನ ಪುಡಿ, ಹುಳಿ ಪುಡಿ, ವಾಂಗಿಬಾತ್ ಪುಡಿ, ಚಟ್ನಿ ಪುಡಿ, ಜೊತೆಗೆ ಚಕ್ಕುಲಿ, ಕೋಡುಬಳೆ ಇಂಡಿಯಾನಾದ ಲೇಕ್ ಕೌಂಟಿಯಲ್ಲಿ ತಯಾರಾಗುತ್ತವೆ. ಅಲ್ಲಿ ಒಂದು ಅಡುಗೆಮನೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಅರೋರಾದ ಅಂಗಡಿ ಎಲ್ಲಿಗೂ ಹೋಗುವುದಿಲ್ಲ. ದೋಸೆ ಹಿಟ್ಟು, ಇಡ್ಲಿ ಹಿಟ್ಟು, ಹೋಳಿಗೆ ಇಲ್ಲೇ ಆಗುತ್ತವೆ. ರುಬ್ಬಿದ ಹಿಟ್ಟನ್ನು ಒಂದು ಗಂಟೆ ವ್ಯಾನಿನಲ್ಲಿ ಕುಲುಕಿಸಿಕೊಂಡು ತಂದರೆ ಅದರ ಹದ ಉಳಿಯುವುದಿಲ್ಲ. ಅದು ನಿಮಗೂ ಗೊತ್ತು.

ನಿಮಗೆ ಆಗುವ ವ್ಯತ್ಯಾಸ ಇಷ್ಟೇ. ಪುಡಿಗಳು ವಾರದಲ್ಲಿ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಅಂಗಡಿಗೆ ಬರುತ್ತವೆ. ಹುರಿಯುವ ವಾಸನೆ ಇನ್ನು ಅಂಗಡಿಯಲ್ಲಿ ಇರುವುದಿಲ್ಲ. ಅದು ನಮಗೂ ಬೇಜಾರು. ಖಾರ ಕಡಿಮೆ ಹಾಕಿ, ಇಂಗು ಬೇಡ, ಬೆಳ್ಳುಳ್ಳಿ ಬೇಡ ಅಂತ ನಿಮ್ಮ ಮನೆಗೇ ಅಂತ ಮಾಡಿಸಿಕೊಳ್ಳುವವರು ಇನ್ನು ಮುಂದೆ ಒಂದು ವಾರ ಮೊದಲೇ ಹೇಳಬೇಕು. ಮನೆಗೆ ತಲುಪಿಸಲು ಈಗ 40 ಡಾಲರ್ ಆರ್ಡರ್ ಸಾಕು. ಡಿಸೆಂಬರ್‌ನಿಂದ 60 ಡಾಲರ್ ಆಗಬೇಕು. ಪುಡಿಗಳ ಬೆಲೆ ಯುಗಾದಿಯವರೆಗೆ ಒಂದು ಸೆಂಟೂ ಏರುವುದಿಲ್ಲ. ಮಸಾಲೆ ಅದೇ, ಬ್ಯಾಡಗಿ ಮೆಣಸಿನಕಾಯಿ ಅದೇ, ಹುರಿಯುವ ಕೈಯೂ ಅದೇ. ನಮ್ಮ ಪಾಲುದಾರ ಕುಟುಂಬಗಳಲ್ಲಿ ಒಂದು ಇಂಡಿಯಾನಾಕ್ಕೆ ಮನೆ ಬದಲಾಯಿಸುತ್ತಿದೆ. ಅಲ್ಲಿನ ಕೆಲಸ ಅವರು ನೋಡಿಕೊಳ್ಳುತ್ತಾರೆ.

ಇನ್ನು ಯಾಕೆ ಅನ್ನುವ ಪ್ರಶ್ನೆ.

ಎರಡು ವರ್ಷದಿಂದ ನಾವು ದೊಡ್ಡ ಅಡುಗೆಮನೆ ಹುಡುಕುತ್ತಿದ್ದೆವು. ಇಲ್ಲೇ, ರೂಟ್ 59ರ ಆಸುಪಾಸಿನಲ್ಲಿ ಮಾಡಬೇಕು ಅಂತಲೇ ಆಸೆ ಇತ್ತು. ನೋಡಿದ ಜಾಗಗಳೆಲ್ಲ ಟ್ರಿಪಲ್ ನೆಟ್ ಲೀಸ್. ಅಂದರೆ ಬಾಡಿಗೆಯ ಮೇಲೆ ಕಟ್ಟಡದ ಆಸ್ತಿ ತೆರಿಗೆ, ಇನ್ಶೂರೆನ್ಸ್, ರಿಪೇರಿ ಎಲ್ಲದರಲ್ಲೂ ನಮ್ಮ ಪಾಲು ಕಟ್ಟಬೇಕು. ಈಗಿರುವ ಅಂಗಡಿಯದ್ದೂ ಹಾಗೇ. ಬಾಡಿಗೆ ಹೆಚ್ಚು ಏರಿಲ್ಲ, ಮಾಲೀಕರ ಮೇಲೆ ದೂರಿಲ್ಲ. ಏರಿದ್ದು ತೆರಿಗೆಯ ಪಾಲು. ಆಸ್ತಿ ತೆರಿಗೆ ದೇಶದಲ್ಲೇ ಅತಿ ಜಾಸ್ತಿ ಇರುವ ರಾಜ್ಯಗಳಲ್ಲಿ ನ್ಯೂಜೆರ್ಸಿಯ ಜೊತೆ ನಮ್ಮ ಇಲಿನಾಯ್ ಹೆಸರೂ ಬರುತ್ತದೆ. ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ಲಕ್ಷ ಡಾಲರ್‌ನ ಮನೆಗೂ ವರ್ಷಕ್ಕೆ ಆರು ಸಾವಿರ ದಾಟುತ್ತದೆ. ಸಾಲ ತೀರಿದ ಮೇಲೂ ಅದು ತೀರುವುದಿಲ್ಲ.

ಇಂಡಿಯಾನಾದಲ್ಲಿ ಇದಕ್ಕೆ ಒಂದು ಮಿತಿ ಇದೆ. ವಾಸದ ಮನೆಗೆ ಬೆಲೆಯ ಶೇ. 1, ಬಾಡಿಗೆ ಮನೆಗೆ ಶೇ. 2, ವ್ಯಾಪಾರದ ಕಟ್ಟಡಕ್ಕೆ ಶೇ. 3. ಅಲ್ಲಿನ ಜನರೇ ವೋಟು ಹಾಕಿ ಒಪ್ಪಿದ ಶಾಲೆ ಮುಂತಾದವುಗಳ ತೆರಿಗೆ ಮಾತ್ರ ಅದಕ್ಕಿಂತ ಮೇಲೆ ಹೋಗಬಹುದು. 2010ರಲ್ಲಿ ಅಲ್ಲಿನ ಜನ ವೋಟು ಹಾಕಿ ಇದನ್ನು ರಾಜ್ಯದ ಸಂವಿಧಾನದಲ್ಲೇ ಸೇರಿಸಿದರು. ಹತ್ತು ವರ್ಷದ ಲೀಸಿಗೆ ಸಹಿ ಹಾಕುವವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಗೊತ್ತಾ? ತೆರಿಗೆ ಅಲ್ಲೂ ಇದೆ. ಆದರೆ ಎಲ್ಲಿವರೆಗೆ ಏರಬಹುದು ಅಂತ ಇವತ್ತೇ ಲೆಕ್ಕ ಹಾಕಬಹುದು.

ಇಷ್ಟಾದರೂ ನಾವು ತೂಗಾಡುತ್ತಲೇ ಇದ್ದೆವು. ಕೊನೆಗೆ ತಕ್ಕಡಿ ವಾಲಿದ್ದು ನವೆಂಬರ್ 3ರ ಮತಪತ್ರದಲ್ಲಿರುವ ಪ್ರಶ್ನೆಯಿಂದ.

ಇಲಿನಾಯ್‌ನಲ್ಲಿ ಆದಾಯ ತೆರಿಗೆ ಶುರುವಾದದ್ದು 1969ರಲ್ಲಿ. ಆಗ ಶೇ. 2.5 ಇತ್ತು. ಮರುವರ್ಷ ಬರೆದ ಸಂವಿಧಾನದಲ್ಲಿ ಈ ತೆರಿಗೆ ಎಲ್ಲರಿಗೂ ಒಂದೇ ದರದಲ್ಲಿರಬೇಕು, ಹಂತ ಇರಬಾರದು ಅಂತ ಸೇರಿಸಿದರು. ಈಗಿನ ದರ ಶೇ. 4.95. ಆ ಸಾಲನ್ನು ತೆಗೆದು ಸ್ಲ್ಯಾಬ್ ತರಲು ಒಪ್ಪಿಗೆ ಇದೆಯಾ ಅಂತ ಈಗ ನಮ್ಮನ್ನು ಕೇಳುತ್ತಿದ್ದಾರೆ. ಇದಕ್ಕೆ ಫೇರ್ ಟ್ಯಾಕ್ಸ್ ಅಂತ ಹೆಸರಿಟ್ಟಿದ್ದಾರೆ. ಒಪ್ಪಿಗೆ ಸಿಕ್ಕರೆ ಬರುವ ದರಗಳಿಗೆ ಹೋದ ವರ್ಷವೇ ಕಾನೂನು ಆಗಿದೆ. ಮೊದಲ 10 ಸಾವಿರಕ್ಕೆ ಶೇ. 4.75, ಒಂದು ಲಕ್ಷದವರೆಗೆ ಶೇ. 4.90, ಎರಡೂವರೆ ಲಕ್ಷದವರೆಗೆ ಈಗಿನ ಶೇ. 4.95. ಅಲ್ಲಿಂದ ಮೇಲೆ ಒಮ್ಮೆಲೇ ಶೇ. 7.75, ಆಮೇಲೆ ಶೇ. 7.85, ಕೊನೆಗೆ ಶೇ. 7.99.

ಅಂಗಡಿಗೆ ಬರುವ ಹಲವರು ನಮ್ಮನ್ನು ಕೇಳಿದ್ದಾರೆ: "ಊರಲ್ಲೂ ಸ್ಲ್ಯಾಬ್ ಇದೆ ಅಲ್ವಾ? ಜಾಸ್ತಿ ದುಡಿಯುವವರು ಜಾಸ್ತಿ ಕೊಟ್ಟರೆ ಏನು ತಪ್ಪು?" ಸರಿಯಾದ ಪ್ರಶ್ನೆ. ನಾವೂ ಅದೇ ಪದ್ಧತಿಯಲ್ಲಿ ಬೆಳೆದವರು. ಆದರೆ ಊರಿನಲ್ಲಿ ಸ್ಲ್ಯಾಬ್ ಇರುವುದು ಕೇಂದ್ರದ ತೆರಿಗೆಗೆ. ಬೆಂಗಳೂರಿನಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದಾಗ ಕರ್ನಾಟಕ ಸರ್ಕಾರಕ್ಕೆ ಅಂತ ಹಿಡಿಯುತ್ತಿದ್ದದ್ದು ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ. ಅದಕ್ಕೂ ವರ್ಷಕ್ಕೆ 2,500 ರೂಪಾಯಿ ಮೀರಬಾರದು ಅಂತ ಭಾರತದ ಸಂವಿಧಾನದಲ್ಲೇ ಇದೆ. ಇಲ್ಲೂ ಫೆಡರಲ್ ತೆರಿಗೆಗೆ ಸ್ಲ್ಯಾಬ್ ಇದೆ, ಶೇ. 10ರಿಂದ ಶೇ. 37ರವರೆಗೆ. ಜಾಸ್ತಿ ದುಡಿಯುವವರು ಅಲ್ಲಿ ಜಾಸ್ತಿ ಕೊಡುತ್ತಲೇ ಇದ್ದಾರೆ. ಈಗ ಬಂದಿರುವುದು ಅದರ ಮೇಲೆ ಇನ್ನೊಂದು ಮೆಟ್ಟಿಲು ಕಟ್ಟುವ ಮಾತು.

ಲೆಕ್ಕವನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ವರ್ಷಕ್ಕೆ ಒಂದು ಲಕ್ಷ ಡಾಲರ್ ಆದಾಯವಿರುವ ಮನೆಗೆ ಹೊಸ ದರದಲ್ಲಿ ಸುಮಾರು 65 ಡಾಲರ್ ಉಳಿಯುತ್ತದೆ. ನಿಮ್ಮಲ್ಲಿ ಹೆಚ್ಚಿನವರ ತೆರಿಗೆ ಮುಂದಿನ ವರ್ಷ ಏರುವುದಿಲ್ಲ. ನಮ್ಮದು ಏರಬಹುದು. ನಮ್ಮ ಸಂಸ್ಥೆಯ ಲಾಭ ನೇರವಾಗಿ ಪಾಲುದಾರರ ಮನೆಯ ಆದಾಯಕ್ಕೆ ಸೇರುತ್ತದೆ. ಗಂಡನದ್ದೋ ಹೆಂಡತಿಯದ್ದೋ ಐಟಿ ಕೆಲಸದ ಸಂಬಳವೂ ಅದಕ್ಕೆ ಕೂಡುತ್ತದೆ. ಒಳ್ಳೆಯ ವರ್ಷದಲ್ಲಿ ಒಟ್ಟು ಮೂರು ಲಕ್ಷ ಆಯಿತು ಅಂತಿಟ್ಟುಕೊಳ್ಳಿ. ಹೊಸ ದರದಲ್ಲಿ ಸುಮಾರು 1,335 ಡಾಲರ್ ಹೆಚ್ಚು ಕಟ್ಟಬೇಕು. ಇಷ್ಟಕ್ಕೆ ಯಾರೂ ಅಡುಗೆಮನೆ ಎತ್ತಿಕೊಂಡು ಪಕ್ಕದ ರಾಜ್ಯಕ್ಕೆ ಹೋಗುವುದಿಲ್ಲ. ನಾವೂ ಇಷ್ಟಕ್ಕೇ ಹೋಗುತ್ತಿಲ್ಲ.

ಆದರೆ ಆ ಮೂರು ಲಕ್ಷ ಕೈಯಲ್ಲಿರುವ ಹಣ ಅಲ್ಲ. ಗ್ರೈಂಡರ್‌ಗೆ ತೆಗೆದ ಸಾಲದ ಅಸಲು ತೀರಿಸಿದರೆ ಅದು ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ. ಹಬ್ಬಕ್ಕೆ ಮುಂಚೆ ತರಿಸಿಟ್ಟ ಬೇಳೆ, ಬೆಲ್ಲ, ಮೆಣಸಿನಕಾಯಿ ಗೋಡೌನಿನಲ್ಲೇ ಇದ್ದರೂ ಪುಸ್ತಕದಲ್ಲಿ ಲಾಭ ಕಾಣುತ್ತದೆ. ಬ್ಯಾಂಕಿನಲ್ಲಿ ದುಡ್ಡು ಇರುವುದಿಲ್ಲ, ತೆರಿಗೆ ಮಾತ್ರ ಕಟ್ಟಬೇಕು. ಇದರ ಜೊತೆಗೆ ನಮ್ಮಂಥ ಪಾಲುದಾರಿಕೆಗೆ ಇಲಿನಾಯ್‌ನಲ್ಲಿ ಲಾಭದ ಮೇಲೆ ಶೇ. 1.5 ರಿಪ್ಲೇಸ್‌ಮೆಂಟ್ ಟ್ಯಾಕ್ಸ್ ಅನ್ನುವ ತೆರಿಗೆ ಬೇರೆ ಇದೆ. ಶೇ. 7.75ಕ್ಕೆ ಅದನ್ನು ಕೂಡಿಸಿದರೆ ಶೇ. 9.25. ಇನ್ನೊಂದು ಮಾತು. ಈ ಎರಡೂವರೆ ಲಕ್ಷದ ಗೆರೆ ಒಬ್ಬರಿಗೂ ಅಷ್ಟೇ, ಗಂಡ ಹೆಂಡತಿ ಸೇರಿ ರಿಟರ್ನ್ ಹಾಕಿದರೂ ಅಷ್ಟೇ. ಇಬ್ಬರೂ ದುಡಿಯುವ ಮನೆಗಳು ನಮ್ಮಲ್ಲಿ ಎಷ್ಟಿವೆ ಅಂತ ನೀವೇ ಯೋಚಿಸಿ.

ನಮಗೆ ನಿಜವಾಗಿ ಭಯ ಇರುವುದು ಇವತ್ತಿನ ದರದ ಬಗ್ಗೆ ಅಲ್ಲ. ಸಂವಿಧಾನದಿಂದ ತೆಗೆಯುತ್ತಿರುವುದು "ಒಂದೇ ದರ" ಅನ್ನುವ ಮಾತನ್ನು. ಈ ಹೊಸ ದರಗಳನ್ನು ಅಲ್ಲಿ ಬರೆಯುತ್ತಿಲ್ಲ. ಅವು ಸಾಮಾನ್ಯ ಕಾನೂನಿನಲ್ಲಿವೆ, ಶಾಸನಸಭೆ ಯಾವಾಗ ಬೇಕಾದರೂ ಬದಲಾಯಿಸಬಹುದು. ಈಗ ದರ ಏರಿಸಬೇಕಾದರೆ ಎಲ್ಲರದ್ದೂ ಏರಿಸಬೇಕು. ಟೀಚರ್‌ದು, ಟ್ರಕ್ ಓಡಿಸುವವರದ್ದು, ಡಾಕ್ಟರ್‌ದು. ಹಾಗಾಗಿ ಏರಿಸುವವರು ಹತ್ತು ಸಲ ಯೋಚಿಸುತ್ತಾರೆ. ಸ್ಲ್ಯಾಬ್ ಬಂದ ಮೇಲೆ ಒಂದೊಂದೇ ಗುಂಪನ್ನು ಬೇರೆ ಮಾಡಿ ಏರಿಸಬಹುದು. ಉಳಿದವರು ನಮ್ಮದಲ್ಲವಲ್ಲ ಅಂತ ಸುಮ್ನೆ ಇರುತ್ತಾರೆ. ಆ ಗೆರೆ ಎರಡೂವರೆ ಲಕ್ಷದಿಂದ ಒಂದೂವರೆ ಲಕ್ಷಕ್ಕೆ ಇಳಿಯುವುದಿಲ್ಲ ಅಂತ ಯಾರು ಬರೆದುಕೊಟ್ಟಿದ್ದಾರೆ?

ಹಳೆಯದನ್ನು ನೆನಪಿಸಿಕೊಳ್ಳಿ. 2011ರ ಜನವರಿಯಲ್ಲಿ ಇಲ್ಲಿನ ಆದಾಯ ತೆರಿಗೆ ಶೇ. 3 ಇದ್ದದ್ದು ಶೇ. 5 ಆಯಿತು. ಸ್ವಲ್ಪ ಕಾಲಕ್ಕೆ ಮಾತ್ರ ಅಂದರು. 2015ರಲ್ಲಿ ಶೇ. 3.75ಕ್ಕೆ ಇಳಿಯಿತು, ನಿಜ. 2017ರ ಜುಲೈನಲ್ಲಿ ಗವರ್ನರ್ ವೀಟೊವನ್ನೂ ಮೀರಿ ಶೇ. 4.95 ಮಾಡಿದರು. ಈ ಸಲ ಕಾಲಮಿತಿ ಇಲ್ಲ. ಹೋದ ವರ್ಷ ಜುಲೈನಲ್ಲಿ ಪೆಟ್ರೋಲ್ ತೆರಿಗೆ ಗ್ಯಾಲನ್‌ಗೆ 19 ಸೆಂಟಿನಿಂದ 38 ಸೆಂಟಾಯಿತು. ನಮ್ಮ ವ್ಯಾನಿನ ಖರ್ಚು ನಿಮ್ಮ 60 ಡಾಲರ್ ಮಿತಿಯಲ್ಲಿ ಕಾಣುವುದು ಇದಕ್ಕೇ. ಕನೆಕ್ಟಿಕಟ್ ರಾಜ್ಯವನ್ನೂ ನೋಡಬಹುದು. 1991ರಲ್ಲಿ ಶೇ. 4.5ರ ಒಂದೇ ದರದಲ್ಲಿ ಶುರು ಮಾಡಿದರು. 1996ರಲ್ಲಿ ಹಂತಗಳು ಬಂದವು. ಈಗ ಅಲ್ಲಿ ಏಳು ಹಂತ, ಮೇಲಿನದು ಶೇ. 6.99.

ಸರ್ಕಾರಕ್ಕೆ ಹಣ ಬೇಕು ಅನ್ನುವುದನ್ನು ನಾವು ಅಲ್ಲಗಳೆಯುತ್ತಿಲ್ಲ. ನಮ್ಮ ಮಕ್ಕಳೂ ಇಲ್ಲಿನ ಸರ್ಕಾರಿ ಶಾಲೆಗಳಲ್ಲೇ ಓದಿದವರು. ಟೀಚರ್‌ಗಳಿಗೆ ಕೊಟ್ಟ ಪಿಂಚಣಿಯ ಮಾತು ಉಳಿಯಬೇಕು. ಆದರೆ ಪಿಂಚಣಿ ನಿಧಿಗಳಲ್ಲಿನ ಕೊರತೆ ಹೋದ ವರ್ಷದ ಲೆಕ್ಕದಲ್ಲೇ ಸುಮಾರು 137 ಬಿಲಿಯನ್ ಡಾಲರ್. ಹೊಸ ಸ್ಲ್ಯಾಬಿನಿಂದ ವರ್ಷಕ್ಕೆ ಬರಬಹುದು ಅಂತ ಸರ್ಕಾರವೇ ಹೇಳಿದ್ದು ಮೂರು ಬಿಲಿಯನ್‌ಗಿಂತ ಸ್ವಲ್ಪ ಹೆಚ್ಚು. ಖರ್ಚಿನ ಕಡೆ ಏನು ಬದಲಾಗುತ್ತದೆ ಅನ್ನುವುದು ಈ ಪ್ರಶ್ನೆಯಲ್ಲಿಲ್ಲ. ಆಸ್ತಿ ತೆರಿಗೆಗೆ ಇಂಡಿಯಾನಾದ ಹಾಗೆ ಮಿತಿಯೂ ಇಲ್ಲ. ಆ ಮಿತಿಯನ್ನು ಮೊದಲು ತಂದಿದ್ದರೆ ನಾವು ಈ ಪತ್ರ ಬರೆಯುತ್ತಿರಲಿಲ್ಲ.

ಇಂಡಿಯಾನಾಕ್ಕೆ ಹೋಗಿ ತೆರಿಗೆ ತಪ್ಪಿಸಿಕೊಳ್ಳುತ್ತಿದ್ದೇವೆ ಅಂತ ಮಾತ್ರ ದಯವಿಟ್ಟು ತಿಳಿಯಬೇಡಿ. ಅಲ್ಲಿ ರಾಜ್ಯದ ಆದಾಯ ತೆರಿಗೆ ಶೇ. 3.23, ಲೇಕ್ ಕೌಂಟಿಯದ್ದು ಶೇ. 1.5. ಎರಡೂ ಸೇರಿ ಶೇ. 4.73. ಇಲ್ಲಿಗಿಂತ ಏನೂ ಭಾರಿ ಕಡಿಮೆ ಅಲ್ಲ. ಅರೋರಾದಲ್ಲೇ ಇರುವ ಪಾಲುದಾರರು ಇಲಿನಾಯ್ ತೆರಿಗೆಯನ್ನು ಮುಂಚಿನ ಹಾಗೇ ಕಟ್ಟುತ್ತಾರೆ. ನಮಗೆ ಬೇಕಾಗಿದ್ದದ್ದು ಹತ್ತು ವರ್ಷದ ಲೆಕ್ಕ ಕೂರಿಸಲು ಆಗುವಂಥ ಒಂದು ಜಾಗ. ಇಲ್ಲಿ ಅದು ಆಗಲಿಲ್ಲ.

ಈ ವರ್ಷ ನಮ್ಮ ಗ್ರಾಹಕರಲ್ಲಿ ಹಲವರು ಟೆಕ್ಸಸ್‌ಗೆ ಹೋದರು. ಹೋಗುವ ಮುನ್ನ ಅಂಗಡಿಗೆ ಬಂದು ಆರು ತಿಂಗಳಿಗಾಗುವಷ್ಟು ಸಾರಿನ ಪುಡಿ ಕಟ್ಟಿಸಿಕೊಂಡರು. ಪ್ರತಿ ಸಲ ಮನಸ್ಸು ಕಲಕಿತು. ಹದಿನೈದು ವರ್ಷದಿಂದ ನೋಡಿದ ಮುಖಗಳು. ಅವರ ಮಕ್ಕಳು ನಮ್ಮ ಕೌಂಟರ್‌ನಲ್ಲೇ ಕನ್ನಡ ಅಕ್ಷರ ಓದಲು ಕಲಿತವರು, ಪೊಟ್ಟಣದ ಮೇಲಿನ ಹೆಸರು ಕೂಡಿಸಿ ಕೂಡಿಸಿ. ಕೆಲಸ, ಮನೆ, ಚಳಿ, ಅವರವರ ಕಾರಣ ಅವರವರಿಗೆ. ಆದರೆ ತೆರಿಗೆಯ ಮಾತು ಬಾರದೆ ಯಾರ ಮಾತೂ ಮುಗಿಯಲಿಲ್ಲ.

ಹಾಗಾಗಿ ಒಂದು ಕೋರಿಕೆ. ಅಂಗಡಿಯವರು ವೋಟಿನ ಮಾತು ಆಡಬಾರದು ಅಂತ ಕೆಲವರಿಗೆ ಅನ್ನಿಸಬಹುದು. ಯಾವ ಪಕ್ಷಕ್ಕೆ ಅಂತ ನಾವು ಹೇಳುವುದಿಲ್ಲ, ಅದು ನಿಮ್ಮದು. ಈ ಒಂದು ಪ್ರಶ್ನೆಗೆ ಮಾತ್ರ ನಮ್ಮ ವೋಟು "ನೋ". ನಿಮ್ಮದೂ ಹಾಗೇ ಇರಲಿ ಅಂತ ಆಸೆ. ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಶೇ. 60 ಮಂದಿ, ಇಲ್ಲವೇ ಚುನಾವಣೆಯಲ್ಲಿ ವೋಟು ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯೆಸ್ ಅಂದರೆ ಇದು ಪಾಸಾಗುತ್ತದೆ. ಅಧ್ಯಕ್ಷರಿಗೆ ವೋಟು ಹಾಕಿ ಇದನ್ನು ಓದದೆ ಬಿಟ್ಟು ಬರಬೇಡಿ. ಬೇರೆ ಅಭಿಪ್ರಾಯ ಇದ್ದರೆ ಅಂಗಡಿಗೆ ಬಂದು ಹೇಳಿ. ಕೇಳುತ್ತೇವೆ, ಕಾಫಿಯನ್ನೂ ಕೊಡುತ್ತೇವೆ. ಮಾಸ್ಕ್ ಇರಲಿ.

ಎಚ್-1ಬಿಯಲ್ಲೋ ಗ್ರೀನ್ ಕಾರ್ಡಿನ ಸರದಿಯಲ್ಲೋ ಇರುವವರಿಗೆ ವೋಟಿಲ್ಲ. ತೆರಿಗೆ ಮಾತ್ರ ಎಲ್ಲರ ಹಾಗೇ ಇದೆ. ನೀವು ಈ ವಿಷಯವನ್ನು ವೋಟು ಇರುವ ನೆರೆಯವರ ಹತ್ತಿರ ಮಾತಾಡಬಹುದು.

ದೀಪಾವಳಿ ಆರ್ಡರ್‌ಗಳಿಗೆ ಈ ಬದಲಾವಣೆ ತಟ್ಟುವುದಿಲ್ಲ. ಹಬ್ಬ ನವೆಂಬರ್ 14, ಶನಿವಾರ. ಚಕ್ಕುಲಿ, ಕೋಡುಬಳೆ, ಕಡಲೆಬೇಳೆ ಹೋಳಿಗೆ, ಕಾಯಿ ಹೋಳಿಗೆ ಎಲ್ಲ ಅರೋರಾದಲ್ಲೇ ಆಗುತ್ತವೆ. ನವೆಂಬರ್ 7ರೊಳಗೆ ತಿಳಿಸಿ. ಈ ಸಲ ಒಳಗೆ ಒಮ್ಮೆಗೆ ನಾಲ್ಕೇ ಜನ. ಹೊರಗೆ ಕಾರಿನಲ್ಲೇ ಇದ್ದು ಫೋನ್ ಮಾಡಿದರೆ ಡಬ್ಬಗಳನ್ನು ನಾವೇ ತಂದಿಡುತ್ತೇವೆ.

ನಿಮ್ಮ,
ಅರೋರಾ ಅಂಗಡಿಯ ಪಾಲುದಾರರು ಮತ್ತು ಅಡುಗೆಮನೆಯವರು