ಹೆಸರು ಅದೇ, ಬಿಯರ್ ಬೇರೆ: ನಿಮ್ಮ ಉತ್ತರಕ್ಕೆ ನನ್ನ ಎರಡನೇ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ವಿಷಯ: ನಿಮ್ಮ ಲಾಗರ್ ಬಿಯರ್‌ನ ರುಚಿ, ಆಲ್ಕೋಹಾಲ್ ಪ್ರಮಾಣ ಮತ್ತು ಬಾಟಲಿಯನ್ನು ಹೇಳದೆ ಕೇಳದೆ ಬದಲಾಯಿಸಿರುವ ಬಗ್ಗೆ

ಮಾನ್ಯರೇ,

ನನ್ನ ಮೊದಲ ದೂರಿಗೆ ನೀವು ಕಳಿಸಿದ ಉತ್ತರ ಬಂತು. ಜೊತೆಗೆ ಒಂದು ರಿಯಾಯಿತಿ ಕೂಪನ್ ಕೂಡ ಇತ್ತು. ಕೂಪನ್ ಅನ್ನು ಈ ಪತ್ರದ ಜೊತೆ ವಾಪಸ್ ಕಳಿಸುತ್ತಿದ್ದೇನೆ. ನಾನು ಬೆಲೆಯ ಬಗ್ಗೆ ಏನೂ ಕೇಳಿರಲಿಲ್ಲ. ಇಷ್ಟವಾಗದ ಬಿಯರ್ ಅಗ್ಗಕ್ಕೆ ಸಿಕ್ಕಿದ ಮಾತ್ರಕ್ಕೆ ಇಷ್ಟವಾಗಿಬಿಡುತ್ತದೆಯೇ?

ಬಾಟಲಿ ಮತ್ತು ಲೇಬಲ್ ಮಾತ್ರ ಹೊಸದು, ಒಳಗಿನ ಬಿಯರ್ ಅದೇ ಎಂದು ಬರೆದಿದ್ದೀರಿ. ಹೊಸ ನೋಟದಿಂದಾಗಿ ರುಚಿ ಬೇರೆ ಅನಿಸಿರಬಹುದು ಎಂದು ಸಮಾಧಾನವನ್ನೂ ಹೇಳಿದ್ದೀರಿ. ಹಾಗೆ ಆಗುವುದುಂಟು, ಇಲ್ಲ ಅನ್ನುವುದಿಲ್ಲ. 2011ರಲ್ಲಿ ಕೋಕಾ ಕೋಲಾ ಬಿಳಿ ಬಣ್ಣದ ಕ್ಯಾನ್ ತಂದಾಗ, ಒಳಗಿದ್ದದ್ದು ಅದೇ ಪಾನೀಯವಾದರೂ ರುಚಿ ಬದಲಾಗಿದೆ ಎಂದು ಕೆಲವರು ದೂರಿದ್ದರು. ಕಂಪನಿ ಮತ್ತೆ ಕೆಂಪು ಕ್ಯಾನಿಗೆ ಬಂತು. ಆದರೆ ನನ್ನ ದೂರು ಆ ಜಾತಿಯದ್ದಲ್ಲ. ನಿಮ್ಮ ಹಳೆಯ ಬಾಟಲಿಯ ಹಿಂದಿನ ಲೇಬಲ್‌ನಲ್ಲಿ ಆಲ್ಕೋಹಾಲ್ ಶೇ. 5 ಎಂದಿದೆ. ಹೊಸದರಲ್ಲಿ ಶೇ. 4.5. ಹಳೆಯದರಲ್ಲಿ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಅಕ್ಕಿ, ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಎಂದಿದೆ. ಹೊಸದರಲ್ಲಿ ಅಕ್ಕಿಯ ಜಾಗಕ್ಕೆ ಗ್ಲೂಕೋಸ್ ಸಿರಪ್ ಬಂದಿದೆ, ಹಾಪ್ಸ್ ಜಾಗಕ್ಕೆ ಹಾಪ್ ಎಕ್ಸ್‌ಟ್ರಾಕ್ಟ್, ಅಂದರೆ ಅದರ ಸಾರ, ಬಂದಿದೆ. ಇದು ನನ್ನ ಭ್ರಮೆಯೇ? ಅಚ್ಚು ಹಾಕಿಸಿದವರು ನೀವೇ. ನಿಮ್ಮ ಗ್ರಾಹಕ ಸೇವೆಯವರು ನಿಮ್ಮದೇ ಲೇಬಲ್ ಓದಿಲ್ಲ, ಅಷ್ಟೇ.

ಈಗ ಬಾಟಲಿಯ ವಿಷಯ. ಕಂದು ಗಾಜು ತೆಗೆದು ಪಾರದರ್ಶಕ ಗಾಜು ತಂದಿದ್ದೀರಿ. ನೋಡಲು ಚೆನ್ನಾಗಿದೆ, ಬಂಗಾರದ ಬಣ್ಣ ಕಾಣುತ್ತದೆ. ಆದರೆ ಬಿಯರ್ ಅನ್ನು ಕಂದು ಬಾಟಲಿಯಲ್ಲಿ ಇಡುವುದು ಅಂದಕ್ಕಲ್ಲ. ಹಾಪ್ಸ್‌ನ ಕಹಿ ಅಂಶಕ್ಕೆ ಬೆಳಕು ತಾಗಿದರೆ ಅದು ಒಡೆದು, ಗಂಧಕ ಇರುವ ಒಂದು ಸಂಯುಕ್ತ ಹುಟ್ಟುತ್ತದೆ. ಅದರ ನಾತ ಎಷ್ಟು ಸ್ವಲ್ಪ ಇದ್ದರೂ ಮೂಗಿಗೆ ಬಡಿಯುತ್ತದೆ. ಕಂದು ಗಾಜು ಆ ಬೆಳಕನ್ನು ಬಹುಪಾಲು ತಡೆಯುತ್ತದೆ. ಪಾರದರ್ಶಕ ಗಾಜು ತಡೆಯುವುದಿಲ್ಲ. ಹಾಗಾಗಿ ಇಂಥ ಬಾಟಲಿ ಬಳಸುವ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಬೆಳಕಿಗೆ ಕೆಡದಂತೆ ಮಾರ್ಪಡಿಸಿದ ಹಾಪ್ ಎಕ್ಸ್‌ಟ್ರಾಕ್ಟ್ ಹಾಕುತ್ತವೆ.

ಅಂದರೆ ಎರಡರಲ್ಲಿ ಒಂದು ನಿಜವಾಗಿರಲೇಬೇಕು. ನೀವೂ ಹಾಗೇ ಮಾಡಿದ್ದರೆ, ಬಿಯರ್ ಅದೇ ಎಂಬ ಮಾತು ಸುಳ್ಳು. ಮಾಡಿಲ್ಲದಿದ್ದರೆ, ಅಂಗಡಿಯ ಟ್ಯೂಬ್‌ಲೈಟ್ ಕೆಳಗೇ ಕೆಟ್ಟುಹೋಗುವ ಬಿಯರ್ ಮಾರುತ್ತಿದ್ದೀರಿ. ಯಾವುದು ಎಂದು ನೀವೇ ಹೇಳಿ.

ರುಚಿಯ ಬಗ್ಗೆಯೂ ಸ್ಪಷ್ಟವಾಗಿ ಹೇಳುತ್ತೇನೆ, ಸುಮ್ನೆ ಚೆನ್ನಾಗಿಲ್ಲ ಎಂದರೆ ನಿಮಗೆ ತಳ್ಳಿಹಾಕುವುದು ಸುಲಭ. ನೊರೆ ನಿಲ್ಲುವುದಿಲ್ಲ. ಗ್ಲಾಸಿಗೆ ಸುರಿದ ಸ್ವಲ್ಪ ಹೊತ್ತಿಗೇ ಇಳಿದುಹೋಗುತ್ತದೆ. ನೊರೆಗೆ ಆಧಾರ ಮಾಲ್ಟ್‌ನ ಪ್ರೋಟೀನು, ಸಿರಪ್‌ನಲ್ಲಿ ಅದು ಇರುವುದಿಲ್ಲ. ಕೊನೆಯಲ್ಲಿ ಉಳಿಯುತ್ತಿದ್ದ ಆ ಸಣ್ಣ ಕಹಿಯೂ ಹೋಗಿದೆ. ಎಲ್ಲಕ್ಕಿಂತ ಜಾಸ್ತಿ ಬೇಜಾರು ತಂದದ್ದು ಹಸಿ ಸೇಬಿನ ವಾಸನೆ. ಹುದುಗು ಬರುವಾಗ ಅಸಿಟಾಲ್ಡಿಹೈಡ್ ಹುಟ್ಟುತ್ತದೆ, ಆ ವಾಸನೆ ಅದರದ್ದು. ಬಿಯರ್ ಅನ್ನು ಸಾಕಷ್ಟು ಸಮಯ ಹಣ್ಣಾಗಲು ಬಿಟ್ಟರೆ ಯೀಸ್ಟೇ ಅದನ್ನು ಮತ್ತೆ ಹೀರಿಕೊಂಡು ಕಡಿಮೆ ಮಾಡುತ್ತದೆ. ಲಾಗರ್ ಅನ್ನು ತಂಪಿನಲ್ಲಿ ವಾರಗಟ್ಟಲೆ ಇಡುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ನೀವು ಆ ಸಮಯವನ್ನು ಕತ್ತರಿಸಿದ್ದೀರಿ ಎಂಬುದು ನನ್ನ ಅನುಮಾನ. ಟ್ಯಾಂಕ್ ಬೇಗ ಖಾಲಿಯಾದರೆ ಅದೇ ಟ್ಯಾಂಕಿನಿಂದ ಜಾಸ್ತಿ ಬಿಯರ್ ಬರುತ್ತದೆ, ಲೆಕ್ಕ ನನಗೂ ಅರ್ಥವಾಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಿಯರ್‌ಗೆ ಅಕ್ಕಿ ಅಥವಾ ಜೋಳ ಹಾಕುವುದು ಮೋಸ ಎನ್ನುವ ಗುಂಪಿಗೆ ನಾನು ಸೇರಿದವನಲ್ಲ. ಹಗುರವಾದ ಲಾಗರ್ ಹಾಗೆಯೇ ಆಗುವುದು, ನನಗೆ ಬೇಕಾದದ್ದೂ ಅದೇ. ನಾನು ಕುಡಿಯುತ್ತಿದ್ದದ್ದು ಸಾಧಾರಣ ಬಿಯರ್ ಎಂದು ನನಗೆ ಚೆನ್ನಾಗಿ ಗೊತ್ತು. ಸಾಧಾರಣ ಬಿಯರ್ ಕುಡಿಯುವವರಿಗೆ ನಾಲಿಗೆಯೇ ಇರುವುದಿಲ್ಲ ಎಂದು ನೀವು ಅಂದುಕೊಂಡಿದ್ದೀರಲ್ಲ, ಕೋಪ ಬಂದದ್ದು ಅದಕ್ಕೆ. ಅದರ ಮೇಲೆ, ಅಕ್ಕಿಯ ಜಾಗಕ್ಕೆ ಸಿರಪ್ ಬಂದ ಹೊತ್ತಿಗೇ ಲೇಬಲ್ ಮೇಲೆ ಪ್ರೀಮಿಯಂ ಎಂಬ ಪದ ಬೇರೆ ಬಂದು ಕೂತಿದೆ.

ನಿಮ್ಮ ಪತ್ರದಲ್ಲಿ ಪರೀಕ್ಷೆಯ ಮಾತೂ ಇತ್ತು. ಮೂರು ಗ್ಲಾಸ್ ಇಟ್ಟು, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆಯದು ಸುರಿದು, ಬೇರೆ ಯಾವುದು ಎಂದು ಕೇಳುವ ಪರೀಕ್ಷೆ. ರುಚಿ ನೋಡಿದವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ ಎಂದಿದ್ದೀರಿ. ಸರಿ, ಆದರೆ ಯಾವ ಬಿಯರ್‌ಗೆ ಹೋಲಿಸಿದಿರಿ? ಈ ವರ್ಷದ್ದನ್ನು ಹೋದ ವರ್ಷದ್ದಕ್ಕೆ ಹೋಲಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಾಲಿಗೆ ದಿನಕ್ಕೊಂದು ಚಮಚ ನೀರು ಜಾಸ್ತಿ ಮಾಡುತ್ತಾ ಹೋದ ಹಾಗೆ, ನಿನ್ನೆಗೂ ಇವತ್ತಿಗೂ ಅಂಥ ವ್ಯತ್ಯಾಸ ಇರುವುದಿಲ್ಲ. ನನ್ನಂಥವರು ಹೋಲಿಸುವುದು ಮೊದಲಿನ ರುಚಿಗೆ. ನಿಮ್ಮ ಪರೀಕ್ಷೆಯಲ್ಲಿ ಆ ಗ್ಲಾಸೇ ಇರಲಿಲ್ಲ.

ಬ್ರಿಟನ್ನಿನಲ್ಲಿ ಸ್ಟೆಲ್ಲಾ ಆರ್ಟೊಯಿಸ್ ಎಂಬ ಬಿಯರ್‌ನ ಆಲ್ಕೋಹಾಲ್ ಶೇ. 5.2 ಇದ್ದದ್ದು ಒಂದೇ ಸಲಕ್ಕೆ 4.6 ಆಗಲಿಲ್ಲ, ಮೆಟ್ಟಿಲಿಳಿಯುತ್ತಾ ಬಂತು. ಅಲ್ಲಿನ ಇನ್ನೊಂದು ಬಿಯರ್ ಫಾಸ್ಟರ್ಸ್ 2023ರಲ್ಲಿ ಶೇ. 4ರಿಂದ 3.7ಕ್ಕೆ ಇಳಿಯಿತು. ಅಲ್ಲಿ ಬಿಯರ್ ಮೇಲಿನ ತೆರಿಗೆ ಅದರ ಆಲ್ಕೋಹಾಲ್ ಪ್ರಮಾಣದ ಜೊತೆ ಏರುತ್ತದೆ, ಹಾಗಾಗಿ ಇಳಿಸಿದಷ್ಟೂ ಕಂಪನಿಗೆ ಉಳಿತಾಯ. ನಿಮ್ಮ ಕಾರಣ ಏನೋ ನನಗೆ ಗೊತ್ತಿಲ್ಲ. ತೆರಿಗೆಯಾಗಿದ್ದರೆ ತೆರಿಗೆ ಎನ್ನಿ, ಬಾರ್ಲಿ ತುಟ್ಟಿಯಾಗಿದ್ದರೆ ಹಾಗೆಂದೇ ಹೇಳಿ. ಕಾರಣ ಕೇಳಿದ ಮೇಲೂ ಕುಡಿಯುವವರು ಕುಡಿಯುತ್ತಾರೆ.

ಬಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಉದ್ಯಮದಲ್ಲೇ ಷ್ಲಿಟ್ಸ್ ಕಥೆ ಇದೆ. ಅಮೆರಿಕದ ಮಿಲ್ವಾಕಿಯ ಆ ಕಂಪನಿ ಒಂದು ಕಾಲಕ್ಕೆ ಆ ದೇಶದ ನಂಬರ್ ಒನ್ ಬಿಯರ್ ಮಾಡುತ್ತಿತ್ತು. 1970ರ ದಶಕದಲ್ಲಿ ಖರ್ಚು ಇಳಿಸಲು ಹುದುಗಿನ ಸಮಯ ಕಡಿಮೆ ಮಾಡಿದರು, ಒಂದಿಷ್ಟು ಮಾಲ್ಟ್ ತೆಗೆದು ಜೋಳದ ಸಿರಪ್ ಹಾಕಿದರು. ಬಿಯರ್ ಮಬ್ಬಾಗದಿರಲು ಸಿಲಿಕಾ ಜೆಲ್ ಬಳಸುತ್ತಿದ್ದರು. ಪದಾರ್ಥಗಳನ್ನೆಲ್ಲ ಲೇಬಲ್‌ನಲ್ಲಿ ಬರೆಯಬೇಕು ಎಂಬ ನಿಯಮ ಬಂದೀತು ಎಂದು ಹೆದರಿ, ಸೋಸಿದಾಗ ಹೊರಗೆ ಹೋಗುವ, ಹಾಗಾಗಿ ಬರೆಯಬೇಕಿಲ್ಲದ ಬೇರೊಂದು ಪದಾರ್ಥಕ್ಕೆ ಬದಲಾಯಿಸಿದರು. ಅದು ನೊರೆ ಬೇಗ ಇಳಿಯದಿರಲಿ ಎಂದು ಹಾಕಿದ್ದ ಇನ್ನೊಂದು ಪದಾರ್ಥದ ಜೊತೆ ಸೇರಿ ಬಾಟಲಿಯೊಳಗೆ ಬಿಳಿ ಚೂರುಗಳಾಗಿ ತೇಲಿತು. 1976ರಲ್ಲಿ ಸುಮಾರು 1 ಕೋಟಿ ಬಾಟಲಿ, ಕ್ಯಾನ್‌ಗಳನ್ನು ವಾಪಸ್ ತರಿಸಬೇಕಾಯಿತು. 1982ರಲ್ಲಿ ಕಂಪನಿಯೇ ಸ್ಟ್ರೋ ಎಂಬ ಇನ್ನೊಂದು ಬಿಯರ್ ಕಂಪನಿಯ ಪಾಲಾಯಿತು. ಲೇಬಲ್ ಮೇಲೆ ಒಂದು ಸಾಲು ಬರೆಯುವುದನ್ನು ತಪ್ಪಿಸಲು ಹೋಗಿ ಆದ ಅನಾಹುತ ಇದು. ಮುಂದೆ ಷ್ಲಿಟ್ಸ್ ಹೆಸರನ್ನು ಕೊಂಡಿದ್ದ ಪಾಬ್ಸ್ಟ್ ಎಂಬ ಕಂಪನಿ, 2008ರಲ್ಲಿ ಆ ಬಿಯರ್ ಅನ್ನು ಮತ್ತೆ ತಂದಾಗ ಹುಡುಕಿಕೊಂಡು ಹೋದದ್ದು 1960ರ ದಶಕದ ಹಳೆಯ ಪಾಕವನ್ನೇ.

ಬಾಯಿ ಬಿಟ್ಟು ಹೇಳಿದವರೂ ಇದ್ದಾರೆ. 2019ರಲ್ಲಿ ಬ್ರಿಟನ್ನಿನಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿ, ನಾವು ಬಹುಶಃ ಜಗತ್ತಿನ ಅತ್ಯುತ್ತಮ ಬಿಯರ್ ಅಲ್ಲ ಎಂದು ತನ್ನದೇ ಹಳೆಯ ಜಾಹೀರಾತನ್ನು ತಿರುಗಿಸಿ ಹಾಕಿ, ಪಾಕ ಬದಲಾಯಿಸಿದ್ದೇವೆ ಎಂದು ಬಹಿರಂಗವಾಗಿ ಹೇಳಿತು. ಅದೂ ಮಾರಾಟದ ತಂತ್ರವೇ, ಗೊತ್ತು. ಆದರೂ ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಹೊಸದು ಎಂದು ತಿಳಿದಿತ್ತು.

ನನಗೆ ಬೇಕಾದ್ದು ಇಷ್ಟು. ಪಾಕದಲ್ಲಿ ಏನೇನು ಬದಲಾಗಿದೆ, ಯಾವಾಗಿನಿಂದ ಎಂದು ಬರವಣಿಗೆಯಲ್ಲಿ ತಿಳಿಸಿ. ಬಿಯರ್ ಹಣ್ಣಾಗುವ ಸಮಯ ಕಡಿಮೆ ಮಾಡಿದ್ದೀರೋ ಇಲ್ಲವೋ, ಹೌದು ಅಥವಾ ಇಲ್ಲ ಎಂದು ಉತ್ತರಿಸಿ. ಪಾಕ ಬದಲಾದ ಸಂಗತಿಯನ್ನು ಬಾಟಲಿಯ ಮುಂದಿನ ಲೇಬಲ್‌ನಲ್ಲಿ ಓದಲು ಬರುವ ಅಕ್ಷರದಲ್ಲಿ ಹಾಕಿ. ಕಂದು ಬಾಟಲಿಯಲ್ಲಿ ಹಳೆಯ ಬಿಯರ್ ಅನ್ನು ಮತ್ತೆ ತಂದರೆ ಸಂತೋಷ, ಬೆಲೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಅದು ಆಗುವುದಿಲ್ಲ ಎಂದಾದರೆ ಆಗುವುದಿಲ್ಲ ಎನ್ನಿ, ನಾನು ಬೇರೆ ಬಿಯರ್ ನೋಡಿಕೊಳ್ಳುತ್ತೇನೆ.

ಹಳೆಯ ಮತ್ತು ಹೊಸ ಲೇಬಲ್‌ಗಳ ಫೋಟೋ, ಎರಡೂ ಬಾಟಲಿಗಳ ಬ್ಯಾಚ್ ಸಂಖ್ಯೆ, ಖರೀದಿಯ ರಸೀದಿ ಲಗತ್ತಿಸಿದ್ದೇನೆ. ತೆರೆಯದ ಒಂದು ಹೊಸ ಬಾಟಲಿಯನ್ನು ಕತ್ತಲಲ್ಲಿ ಇಟ್ಟಿದ್ದೇನೆ, ನಿಮ್ಮ ಪ್ರಯೋಗಾಲಯಕ್ಕೆ ಬೇಕಿದ್ದರೆ ಬಂದು ತೆಗೆದುಕೊಂಡು ಹೋಗಬಹುದು. 30 ದಿನದೊಳಗೆ ಸರಿಯಾದ ಉತ್ತರ ಬರದಿದ್ದರೆ ಇದೇ ಕಾಗದಗಳನ್ನು ಗ್ರಾಹಕ ದೂರು ಪ್ರಾಧಿಕಾರಕ್ಕೆ ಕೊಡುತ್ತೇನೆ. ಈ ಸಲ ಉತ್ತರ ಬರೆಯುವ ಕೆಲಸವನ್ನು ಬಿಯರ್ ತಯಾರಿಸುವವರಿಗೇ ಒಪ್ಪಿಸಿ, ಜಾಹೀರಾತು ವಿಭಾಗದವರಿಗೆ ಬೇಡ.

ಇಂತಿ,
ನಿಮ್ಮ ಹಳೆಯ ಗ್ರಾಹಕ

ಲಗತ್ತು: ಲೇಬಲ್ ಫೋಟೋಗಳು, ರಸೀದಿಯ ಪ್ರತಿ, ಬಳಸದ ಕೂಪನ್