ಪಡುಬದಿಯ ತೊಲೆಯ ವಿಚಾರ

ಬ್ಯಾಡ್‌ಲ್ಯಾಂಡ್ಸ್, ಸೌತ್ ಡಕೋಟ, ಅಮೆರಿಕ
ತಾ. 14-7-2024, ಭಾನುವಾರ ಬೆಳಿಗ್ಗೆ

ತೀರ್ಥರೂಪ ಸಮಾನರಾದ ಅಣ್ಣಯ್ಯನವರಿಗೆ ಸದಾನಂದನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ಅಮ್ಮನಿಗೂ ಅತ್ತಿಗೆಗೂ ನಮ್ಮಿಬ್ಬರ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನೀವು ಡೊಂಬಿವಲಿಯ ವಿಳಾಸಕ್ಕೆ ಹಾಕಿದ ಕಾಗದವನ್ನು ಮಗಳು ಸಹನಾ ಫೋಟೋ ತೆಗೆದು ಕಳಿಸಿದ್ದಳು. ಯೆಲ್ಲೊಸ್ಟೋನ್ ಕಾಡಿನಲ್ಲಿ ಐದು ದಿನ ನಮ್ಮ ಫೋನುಗಳಿಗೆ ಸಿಗ್ನಲ್ ಸಿಗಲಿಲ್ಲವಾದ್ದರಿಂದ, ಕೋಡಿ ಎಂಬ ಊರಿಗೆ ಇಳಿದು ಪೆಟ್ರೋಲು ಹಾಕಿಸುವಾಗ ಅದು ಬಂದು ಬಿತ್ತು. ಪಂಪಿನ ಪಕ್ಕದಲ್ಲಿ ನಿಂತೇ ಎರಡು ಸಲ ಓದಿದೆ. "ಮನೆಯ ಮಾಡು ಬೀಳುವ ಹೊತ್ತಿಗೆ ನೀನು ಗಾಡಿಯ ಮೇಲೆ ಮನೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದೀಯಂತೆ" ಎಂದು ಬರೆದಿದ್ದೀರಿ. ಹಂಚಿನ ಮಾಡನ್ನೇ ಇಳಿಸಿ ತಾರಸಿ ಹಾಕಿಸೋಣ, ಅದಕ್ಕೊಬ್ಬ ದಲ್ಲಾಳಿ ಬಂದಿದ್ದಾನೆ ಎಂದೂ ಬರೆದಿದ್ದೀರಿ. ಹಿರಿಯರು, ಬರೆಯುವ ಹಕ್ಕು ನಿಮಗಿದೆ. ಫೋನಿನಲ್ಲಿ ಮಾತಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ನನಗೆ ಅರ್ಧ ಸಿಟ್ಟು ಬರುತ್ತದೆ. ಆದ್ದರಿಂದ ಕಾಗದದಲ್ಲಿಯೇ ಉತ್ತರಿಸುತ್ತಿದ್ದೇನೆ.

ಮೊದಲು ತೊಲೆಯ ವಿಚಾರ ಮುಗಿಸಿಬಿಡುತ್ತೇನೆ. ಪಡುಬದಿಯ ಕೋಣೆಯ ತೊಲೆ ನಾಲ್ಕು ಬೆರಳು ಬಾಗಿದೆ, ಎರಡು ಪಕ್ಕಾಸು ಗೆದ್ದಲು ಹಿಡಿದು ಪೊಳ್ಳಾಗಿವೆ, ನೀರು ಅಮ್ಮನ ಮಂಚದ ಕಾಲಬುಡಕ್ಕೆ ಬೀಳುತ್ತದೆ ಎಂದಿದ್ದೀರಿ. ಇದನ್ನು ಓದುವ ದಿನವೇ ಅಮ್ಮನ ಮಂಚವನ್ನು ಮೂಡುಕೋಣೆಗೆ ಹಾಕಿಸಬೇಕು. ಆ ಕೋಣೆಯ ಕಿಟಕಿಯಿಂದ ಹಟ್ಟಿ ಕಾಣಿಸುವುದಿಲ್ಲ ಎಂದು ಅವರು ಹಟ ಮಾಡುತ್ತಾರೆಂದು ಗೊತ್ತು. ಹಟ್ಟಿಯಲ್ಲಿ ಈಗ ದನವೇ ಇಲ್ಲವೆಂದು ಹೇಳಿ ನೋಯಿಸಬೇಡಿ. ಮಳೆ ನಿಲ್ಲುವವರೆಗೆ ಮಾತ್ರ ಎಂದು ಹೇಳಿ ಒಪ್ಪಿಸಿ. ಪೇಟೆಯಲ್ಲಿ ಸೆಂಟ್ರಿಂಗಿನವರ ಬಳಿ ಕಬ್ಬಿಣದ ಜಾಕಿಗಳು ದಿನಬಾಡಿಗೆಗೆ ಸಿಗುತ್ತವೆ. ಅಂಥವು ಎರಡನ್ನು ತೊಲೆಯ ಅಡಿಗೆ ಕೊಡಿಸಿ. ಜಾಕಿಯ ಮೇಲೊಂದು ಕೆಳಗೊಂದು ದಪ್ಪ ಹಲಗೆ ಇರಲೇಬೇಕು. ಇಲ್ಲದಿದ್ದರೆ ನೆಲದ ಕಾವಿ ಒಡೆದು ಜಾಕಿ ಕೆಳಗಿಳಿಯುತ್ತದೆ, ತೊಲೆಯೂ ಹಿಂದೆಯೇ ಬರುತ್ತದೆ. ಬಾಗಿದ್ದನ್ನು ಎತ್ತುವ ಸಾಹಸ ಬೇಡ, ಇದ್ದಲ್ಲಿ ನಿಲ್ಲಿಸಿದರೆ ಸಾಕು. ಟರ್ಪಾಲನ್ನು ಸೋರುವ ಜಾಗದ ಮೇಲಷ್ಟೇ ಹೊದೆಸಿದರೆ ಪ್ರಯೋಜನವಿಲ್ಲ, ಮಾಡಿನ ತುದಿಯಿಂದಲೇ ಇಳಿಬಿಡಬೇಕು. ಇವೆಲ್ಲಕ್ಕೂ ಸುಬ್ರಾಯನನ್ನು ಕರೆಸಿ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನೀವು ಏಣಿ ಹತ್ತಬಾರದು, ಒದ್ದೆ ಹಂಚಿನ ಮೇಲಂತೂ ಕಾಲಿಡಲೇಬಾರದು.

ಹಣದ ಚಿಂತೆ ಬೇಡವೇ ಬೇಡ. ಸದ್ಯದ ಖರ್ಚಿಗೆ ಐವತ್ತು ಸಾವಿರವನ್ನು ಸಹನಾ ನಿಮ್ಮ ಖಾತೆಗೆ ಹಾಕುತ್ತಾಳೆ. ಅಳಿಯಂದಿರು ಬರುವ ಶನಿವಾರ ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತುತ್ತಾರೆ. ಮಳೆಗಾಲದ ವೇಳಾಪಟ್ಟಿಯಾದ್ದರಿಂದ ಕುಂದಾಪುರಕ್ಕೆ ತಲುಪುವುದು ತಡವಾದೀತು, ಕಾಯುತ್ತಾ ಗಾಬರಿಯಾಗಬೇಡಿ. ಉಳಿದ ಮೂರು ಲಕ್ಷಕ್ಕೆ ಎಫ್.ಡಿ. ಮುರಿಸುತ್ತೇನೆ. ಅಕ್ಟೋಬರಿಗೆ ಅದು ತುಂಬುತ್ತದೆ, ಈಗ ತೆಗೆದರೆ ಸ್ವಲ್ಪ ಬಡ್ಡಿ ಹೋಗುತ್ತದೆ, ಅಷ್ಟೇ. "ನನ್ನ ಹೆಸರಿನದ್ದನ್ನು ಮೊದಲು ಮುರಿಸಿ, ಅದರ ಬಡ್ಡಿ ಕಡಿಮೆ" ಎಂದು ಇವಳೇ ಹೇಳಿದ್ದಾಳೆ. ಅತ್ತಿಗೆಗೆ ಇದನ್ನು ಓದಿ ಹೇಳಿ.

ಇನ್ನು ತಿರುಗಾಟದ ಆಪಾದನೆ. ಗಾಡಿಯ ಬಾಡಿಗೆ ಮಗ ರಾಘುವಿನದು, ಪೆಟ್ರೋಲೂ ಅವನದೇ. ಅದು ಲೀಟರಿಗೆ ನಾಲ್ಕು ಕಿಲೋಮೀಟರು ಓಡಿದರೆ ಪುಣ್ಯ. ನೋಡುತ್ತಾ ನನ್ನ ಹೊಟ್ಟೆಯೂ ಉರಿಯುತ್ತದೆ. ನಾನು ಕೊಟ್ಟದ್ದು ದಿನಸಿಗೆ ಮತ್ತು ಉದ್ಯಾನಗಳ ಪಾಸಿಗೆ ಮಾತ್ರ. 80 ಡಾಲರಿನ ಆ ಒಂದು ಪಾಸಿನಲ್ಲಿ ಗಾಡಿಯೊಳಗಿನ ನಾಲ್ವರೂ ವರ್ಷವಿಡೀ ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೆ ಹೋಗಬಹುದು. ಹೋಟೆಲಿನಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ಗಂಜಿ, ಚಟ್ನಿ, ಉಪ್ಪಿನಕಾಯಿ ಎಲ್ಲವೂ ಗಾಡಿಯಲ್ಲೇ. ಮನೆ ಎಂದು ನೀವು ಹಂಗಿಸಿದ ಈ ಗಾಡಿ 25 ಅಡಿ ಉದ್ದವಿದೆ. ಹಿಂಬದಿಯಲ್ಲಿ ನಮ್ಮಿಬ್ಬರ ಮಂಚ, ಚಾಲಕನ ತಲೆಯ ಮೇಲಿನ ಅಟ್ಟದಲ್ಲಿ ರಾಘುವೂ ಸೊಸೆಯೂ, ನಡುವೆ ಒಲೆ, ಫ್ರಿಜ್ಜು, ಕಕ್ಕಸು. ಪರೇಲಿನ ಚಾಳಿನ ಹತ್ತಕ್ಕೆ ಹನ್ನೆರಡು ಅಡಿಯ ಖೋಲಿಯಲ್ಲಿ ನಾವು ಏಳು ಮಂದಿ ಇದ್ದೆವು, ನೀವು ಬಂದಾಗ ಗ್ಯಾಲರಿಯಲ್ಲಿ ಚಾಪೆ ಹಾಕಿ ಮಲಗಿದ್ದಿರಿ, ನೆನಪಿದೆಯಲ್ಲ. ಆ ಲೆಕ್ಕದಲ್ಲಿ ಇದು ಅರಮನೆ. ಕಕ್ಕಸಿನ ಟ್ಯಾಂಕನ್ನು ಮಾತ್ರ ಮೂರು ದಿನಕ್ಕೊಮ್ಮೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ನಾವೇ ಖಾಲಿ ಮಾಡಬೇಕು. ಅಮೆರಿಕದಲ್ಲಿ ಎಂಜಿನಿಯರಾದ ಮಗ ಕೈಗವಸು ತೊಟ್ಟು ದಪ್ಪ ಪೈಪು ಹಿಡಿದು ನಿಲ್ಲುತ್ತಾನೆ, ನಾನು ಪಕ್ಕದಲ್ಲಿ ನಿಂತು ನೀರು ಬಿಡುತ್ತೇನೆ. ಅಮ್ಮನಿಗೆ ಇದನ್ನು ಓದಬೇಡಿ.

ನಿಮ್ಮ ಕಾಗದ ಬಂದಂದಿನಿಂದ ನಾನು ಏನನ್ನು ನೋಡಿದರೂ ಮಾಡನ್ನೇ ನೋಡುತ್ತಿದ್ದೇನೆ. ಅದಕ್ಕೆ ಮೊದಲು ನೋಡಿದ್ದು ಕೂಡ ಈಗ ಹಾಗೆಯೇ ನೆನಪಾಗುತ್ತಿದೆ. ಯೆಲ್ಲೊಸ್ಟೋನ್ 1872ರಲ್ಲಿ ಆದ ಉದ್ಯಾನ, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ. ಅಲ್ಲಿ ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಬುಗ್ಗೆ ಸುಮಾರು ಒಂದೂವರೆ ಗಂಟೆಗೊಮ್ಮೆ ಆಕಾಶಕ್ಕೆ ಚಿಮ್ಮುತ್ತದೆ. ಜನರೆಲ್ಲ ಅದನ್ನು ನೋಡಿ ಹೋಗುತ್ತಾರೆ. ನಾನು ಅದರ ಎದುರಿನ ವಸತಿಗೃಹದೊಳಗೆ ಹೋಗಿ ಕುಳಿತವನು ಇವಳು ಕರೆಯುವವರೆಗೆ ಏಳಲಿಲ್ಲ. ಅದು ಪೂರ್ತಿ ಮರದ ಕಟ್ಟಡ, ಕಟ್ಟಿದ್ದು 1903-04ರಲ್ಲಿ, ರಾಬರ್ಟ್ ರೀಮರ್ ಎಂಬವರ ನಕ್ಷೆ. ಒಳಗಿನ ಚಾವಡಿ 76 ಅಡಿ ಎತ್ತರ. ದುಂಡು ಮರಗಳನ್ನು ಸೀಳದೆ ಹಾಗೆಯೇ ನಿಲ್ಲಿಸಿದ್ದಾರೆ. ಆಧಾರಕ್ಕೆ ಕೊಟ್ಟದ್ದು ಕಾಡಿನಲ್ಲಿ ಸೊಟ್ಟಗೆ ಬೆಳೆದ ಕೊಂಬೆಗಳು, ನಮ್ಮ ಅಜ್ಜ ಹಟ್ಟಿಯ ಮಾಡಿಗೆ ಕೊಟ್ಟ ಹಾಗೆಯೇ. 1959ರ ಭೂಕಂಪದಲ್ಲಿ ಊಟದ ಕೋಣೆಯ ಚಿಮಣಿ ಉರುಳಿತು. 1988ರಲ್ಲಿ ಕಾಡಿಗೆ ಬಿದ್ದ ಬೆಂಕಿ ಅಂಗಳದವರೆಗೆ ಬಂದಾಗ ಮಾಡಿನ ಮೇಲೆ ನೀರು ಚಿಮ್ಮಿಸಿ ಉಳಿಸಿಕೊಂಡರು. ಈ ವರ್ಷಕ್ಕೆ ಅದಕ್ಕೆ 120 ತುಂಬಿತು, ಇಂದಿಗೂ ಜನ ಅದರಲ್ಲಿ ಮಲಗಿ ಏಳುತ್ತಾರೆ. ನಮ್ಮ ಮನೆ ಅದರ ತಮ್ಮನಾದೀತು.

"ಅವರದ್ದು ಹಿಮ, ನಮ್ಮದು ಆಷಾಢದ ಮಳೆ" ಎಂದು ನೀವು ಹೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಒಪ್ಪುತ್ತೇನೆ. ಕೊಲರಾಡೊದ ಮೆಸಾ ವರ್ಡೆಯಲ್ಲಿ ಬಂಡೆಯ ಪೊಟರೆಯೊಳಗೆ ಸುಮಾರು 150 ಕೋಣೆಗಳ ಊರೇ ಇದೆ. ಕಣಿವೆಯ ಆಚೆ ಬದಿಯಿಂದ ನೋಡಿದೆವು. ಅದರ ಮರಗಳ ವರ್ಷದ ಉಂಗುರಗಳನ್ನು ಎಣಿಸಿಯೇ, ಕಟ್ಟಿದ್ದು ಹನ್ನೆರಡು ಹದಿಮೂರನೆಯ ಶತಮಾನದಲ್ಲಿ ಎಂದು ತಿಳಿದುಕೊಂಡರಂತೆ. ಆ ಮರ ಉಳಿದದ್ದು ತಲೆಯ ಮೇಲೆ ಬಂಡೆಯಿದ್ದು ನೀರು ಬೀಳದ್ದರಿಂದ. ನಮ್ಮ ತೊಲೆ ಕೆಟ್ಟದ್ದು ನಡುವಿನಲ್ಲಿ ಆಗಿರಲಾರದು, ಗೋಡೆಯೊಳಗೆ ಹುಗಿದ ತುದಿಯಲ್ಲಿ. ಅಲ್ಲಿ ಒದ್ದೆ ನಿಂತು ಗಾಳಿಯಾಡದೆ ಕುಂಬಾಗಿರುತ್ತದೆ. ಶೀನ ಆಚಾರಿಯವರು ಉಳಿಯ ಹಿಡಿಯಿಂದ ಬಡಿದು, ಗಟ್ಟಿ ಸದ್ದು ಎಲ್ಲಿಂದ ಶುರುವಾಗುತ್ತದೆಂದು ಸುಣ್ಣದಲ್ಲಿ ಗುರುತು ಹಾಕಲಿ. ಕೆಟ್ಟ ತುದಿಯನ್ನು ಕತ್ತರಿಸಿ ಹೊಸ ಮರ ಜೋಡಿಸಬಹುದೇ ಎಂದು ಆಮೇಲೆ ನೋಡೋಣ. ಹಲಸಿನ ತೊಲೆ, ಅಣ್ಣಯ್ಯ; ಇನ್ನೊಂದು ತಲೆಮಾರಿಗೆ ಬರುತ್ತದೆ.

ಆ ದಲ್ಲಾಳಿಗೆ ಮಾತು ಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಚಾವಡಿಯ ನಾಲ್ಕು ಕಂಬಗಳನ್ನೂ ಹಂಚನ್ನೂ ಒಟ್ಟಾಗಿ ಕೊಂಡು, ತಾರಸಿ ಹಾಕಿಸಲು ಗುತ್ತಿಗೆದಾರನನ್ನೂ ತಾನೇ ತರುತ್ತೇನೆ ಎನ್ನುವವನಿಗೆ ನಮ್ಮ ಮನೆಯ ಮಾಡಿನ ಮೇಲೆ ಅಷ್ಟು ಕನಿಕರ ಏಕೆ? ಅವನು ಕಂಬಗಳನ್ನು ಯಾವುದಾದರೂ ರೆಸಾರ್ಟಿಗೆ ಇಮ್ಮಡಿ ಬೆಲೆಗೆ ದಾಟಿಸುತ್ತಾನೆ. ತಾರಸಿ ಸೋರುವುದಿಲ್ಲ ಎಂಬುದೂ ಸುಳ್ಳು. ಡೊಂಬಿವಲಿಯ ನಮ್ಮ ಸೊಸೈಟಿಯ ತಾರಸಿಗೆ ಇಪ್ಪತ್ತು ವರ್ಷದಲ್ಲಿ ಮೂರು ಸಲ ವಾಟರ್‌ಪ್ರೂಫಿಂಗ್ ಮಾಡಿಸಿದೆವು, ತಲಾ ಇಷ್ಟೆಂದು ವಂತಿಗೆ ಎತ್ತಿ ಜಗಳವನ್ನೂ ಆಡಿದೆವು. ಕೊನೆಗೆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಪತ್ರಾ ಹೊದೆಸಿದೆವು. ಎಂದರೆ ತಾರಸಿಗೂ ಒಂದು ಮಾಡು. ಲೋಕಲ್ ರೈಲಿನ ಕಿಟಕಿಯಿಂದ ನೋಡಿದರೆ ಅಂಥ ಪತ್ರಾಗಳು ಸಾಲುಸಾಲಾಗಿ ಕಾಣುತ್ತವೆ.

ಮೌಂಟ್ ರಶ್ಮೋರಿನಲ್ಲಿಯೂ ಇದೇ ಕಥೆ. ನಾಲ್ವರು ಅಧ್ಯಕ್ಷರ ಮುಖಗಳು, ಒಂದೊಂದು 60 ಅಡಿ ಎತ್ತರ. 1927ರಿಂದ 1941ರವರೆಗೆ ಸುಮಾರು ನಾನೂರು ಕೆಲಸಗಾರರು ಬಂಡೆ ಒಡೆದರು. ಜೆಫರ್ಸನ್ನನ ಮುಖವನ್ನು ಮೊದಲು ವಾಷಿಂಗ್ಟನ್ನನ ಆಚೆ ಬದಿಗೆ ಶುರುಮಾಡಿ, ಕಲ್ಲು ಸರಿಯಿಲ್ಲವೆಂದು ಸಿಡಿಮದ್ದಿಟ್ಟು ಹಾರಿಸಿ, ಈಚೆ ಬದಿಗೆ ಹೊಸದಾಗಿ ಕೆತ್ತಿದರಂತೆ. ಅಷ್ಟು ಗಟ್ಟಿ ಕಲ್ಲಿಗೂ ಬಿರುಕು ತಪ್ಪಿಲ್ಲ. ಇಂದಿಗೂ ಜನ ಹಗ್ಗ ಕಟ್ಟಿಕೊಂಡು ಇಳಿದು ಮೂಗು, ಹಣೆಗಳನ್ನೆಲ್ಲ ಪರೀಕ್ಷಿಸಿ, ನೀರು ಒಳಹೋಗದಂತೆ ಬಿರುಕುಗಳಿಗೆ ಸಿಲಿಕೋನ್ ತುಂಬುತ್ತಾರೆ. ನಾವು ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವುದನ್ನು ಬಿಟ್ಟು ಎಷ್ಟು ವರ್ಷವಾಯಿತು? ಈ ಮಾತು ನನಗೆ ನಾನೇ ಕೇಳಿಕೊಂಡದ್ದು, ನಿಮಗಲ್ಲ. (ಅಲ್ಲಿ ನಮ್ಮ ಪಾಸು ನಡೆಯಲಿಲ್ಲ, ಗಾಡಿ ನಿಲ್ಲಿಸಿದ್ದಕ್ಕೆ ಬೇರೆಯೇ ತೆತ್ತೆವು.) ಆ ಬೆಟ್ಟಸಾಲು ಲಕೋಟಾ ಎಂಬ ಮೂಲನಿವಾಸಿಗಳದ್ದೆಂದು 1868ರ ಒಪ್ಪಂದದಲ್ಲಿ ಬರೆದುಕೊಟ್ಟು, ಆಮೇಲೆ ಸರಕಾರವೇ ಕಸಿದುಕೊಂಡಿತು. 1980ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟು ಪರಿಹಾರಧನ ಕೊಡಬೇಕೆಂದು ತೀರ್ಪಿತ್ತರೂ ಲಕೋಟಾದವರು ಇಂದಿಗೂ ಅದನ್ನು ಮುಟ್ಟಿಲ್ಲ. ಬಡ್ಡಿ ಬೆಳೆಯುತ್ತಲೇ ಇದೆಯಂತೆ. ರಾಘು ಇದನ್ನು ಹೇಳಿದಾಗ ನನಗೆ ನೆನಪಾದದ್ದು ಅಮ್ಮ, ದಲ್ಲಾಳಿ ತಂದ ಮುಂಗಡದ ಕವರನ್ನು ಜಗಲಿಯಲ್ಲೇ ಬಿಟ್ಟು ಒಳಗೆ ಹೋದರೆಂದು ನೀವು ಬರೆದಿದ್ದಿರಲ್ಲ, ಅದು.

ದಾರಿಯಲ್ಲಿ ವಾಲ್ ಎಂಬ ಸಣ್ಣ ಊರು. ಅಲ್ಲಿಯ ಅಂಗಡಿಯೊಂದು, ತಣ್ಣೀರು ಪುಕ್ಕಟೆ ಎಂದು ಹೆದ್ದಾರಿಯುದ್ದಕ್ಕೂ ಬೋರ್ಡು ಹಾಕಿಯೇ 1930ರ ದಶಕದಿಂದ ಹೆಸರು ಮಾಡಿದೆ. ಮಾಟುಂಗದ ಹೋಟೆಲಿನಲ್ಲಿ ಹದಿನಾಲ್ಕನೆಯ ವಯಸ್ಸಿನಿಂದ ಮೂರು ವರ್ಷ, ಗಿರಾಕಿ ಕುಳಿತ ಕೂಡಲೇ ನೀರಿಟ್ಟು, ರಾತ್ರಿ ಶಾಲೆಗೆ ಓಡಿದವನು ನಾನು. ನಮಗೆ ಬೋರ್ಡು ಹಾಕುವ ಬುದ್ಧಿ ಹೊಳೆಯಲಿಲ್ಲ.

ಈಗ ನಿನ್ನೆ ರಾತ್ರಿಯ ಸಂಗತಿ. ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ಬ್ಯಾಡ್‌ಲ್ಯಾಂಡ್ಸ್ ಎಂದರೆ ಮರವಿಲ್ಲದ ಬೋಳು ಮಣ್ಣಿನ ಗುಡ್ಡಗಳು. ಹತ್ತು ಗಂಟೆಯ ಮೇಲೆ ಸಿಡಿಲು ಮಳೆ ಶುರುವಾಯಿತು. ತಗಡಿನ ಮೇಲೆ ಮಳೆಯ ಸದ್ದು ಕೇಳುತ್ತಾ ಊರಿನ ಹಾಗೆಯೇ ಇದೆ ಎಂದುಕೊಳ್ಳುವಾಗ ಹಣೆಯ ಮೇಲೆ ಟಪ್ ಎಂದು ಒಂದು ಹನಿ. ಟಾರ್ಚು ಹಾಕಿ ನೋಡಿದರೆ ಗಾಡಿಯ ಮಾಡಿನ ಗಾಳಿಕಿಂಡಿಯ ಚೌಕಟ್ಟಿನ ಮೂಲೆಯಲ್ಲಿ ನೀರು ಮಣಿಯಂತೆ ಕಟ್ಟಿ, ಕ್ಷಣ ತೂಗಿ, ಬೀಳುತ್ತಿತ್ತು. ಇವಳು ಏನೂ ಮಾತಾಡದೆ ಎದ್ದು ಗಂಜಿಯ ಪಾತ್ರೆಯನ್ನು ತಂದು ದಿಂಬಿನ ಜಾಗದಲ್ಲಿಟ್ಟಳು. ಉಳಿದ ರಾತ್ರಿ ಇಬ್ಬರೂ ಮಂಚದ ಕಾಲಬುಡದಲ್ಲಿ ಕುಳಿತು ಹನಿಯ ಸದ್ದು ಕೇಳಿದೆವು; ಅಮ್ಮ ಎಷ್ಟು ರಾತ್ರಿ ಹೀಗೆ ಕುಳಿತಿದ್ದಾರೋ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಿಗ್ಗೆ ರಾಘು ಮೇಲೆ ಹತ್ತಿ ಅಂಟುಪಟ್ಟಿ ಹಚ್ಚಿದ್ದಾನೆ. ಈಗ ಒಂದು ಹನಿಯೂ ಇಲ್ಲ, ಬಿಸಿಲು ಚೆನ್ನಾಗಿದೆ, ನನಗೆ ನೆಗಡಿ ಕೂಡ ಆಗಿಲ್ಲ, ಇವಳಿಗೂ ಆಗಿಲ್ಲ. ನೀವು ಯಾವ ಕಾರಣಕ್ಕೂ ಚಿಂತೆ ಮಾಡಬಾರದು.

ಆಗಸ್ಟ್ 9ಕ್ಕೆ ಮುಂಬಯಿಗೆ ಬಂದು ಇಳಿಯುತ್ತೇವೆ, ಆ ವಾರವೇ ನಾನು ಊರಿಗೆ ಬರುತ್ತೇನೆ. ಮರದ ಕೆಲಸ ದೀಪಾವಳಿ ಕಳೆದ ಮೇಲೆ. ಆಚಾರಿಯವರಿಗೆ ಈಗಲೇ ಮುಂಗಡ ಕೊಟ್ಟು ಹಿಡಿದಿಡಿ.

ಹನ್ನೊಂದು ಗಂಟೆಯೊಳಗೆ ಜಾಗ ಖಾಲಿ ಮಾಡಬೇಕು, ಟ್ಯಾಂಕಿನ ಸಾಲಿನಲ್ಲಿ ನಮ್ಮ ಮುಂದೆ ಎರಡೇ ಗಾಡಿಗಳಿವೆ, ರಾಘು ಕೂಗುತ್ತಿದ್ದಾನೆ. ಅತ್ತಿಗೆಯ ಮಂಡಿನೋವು ಹೇಗಿದೆ ಎಂದು ಕೇಳಲು ಮರೆತೆ, ಬರೆಯಿಸಿ.

ಇತಿ ನಿಮ್ಮ ತಮ್ಮ,
ಸದಾನಂದ

ತಾ.ಕ.: ಜಾಕಿ ಎರಡು ಸಾಲದೆಂದು ಸುಬ್ರಾಯ ಹೇಳಿದರೆ ಮೂರು ತರಿಸಿ. ಬಾಡಿಗೆಯ ಮುಖ ನೋಡಬೇಡಿ.